ಸಿಪ್ಪೆಯಿಂದ ಬೀಜದ ಲೆಕ್ಕ: ಊಟದ ನಂತರದ ಇನ್ಸುಲಿನ್ ಅಳೆಯುವ ಬಗೆ

ಖಾಲಿ ಹೊಟ್ಟೆಯಲ್ಲೊಮ್ಮೆ, ತಿಂಡಿಯಾಗಿ ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ರಕ್ತ ಕೊಡುವ ಕ್ರಮ ಸಕ್ಕರೆ ಕಾಯಿಲೆ ಇರುವ ಮನೆಗಳಿಗೆಲ್ಲ ಗೊತ್ತು. ಲ್ಯಾಬಿನಲ್ಲಿ ಮೊದಲ ಸಲ ರಕ್ತ ಕೊಟ್ಟು, ಪಕ್ಕದ ದರ್ಶಿನಿಯಲ್ಲಿ ಎರಡು ಇಡ್ಲಿ ತಿಂದು, ಗಡಿಯಾರ ನೋಡುತ್ತ ಕೂತು, ಮತ್ತೆ ತೋಳು ಚಾಚುವವರನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಬೆಳಗಿನ ಹೊತ್ತು ಕಾಣಬಹುದು. ಈ ಎರಡು ಪರೀಕ್ಷೆಗಳು ತಿಳಿಸುವುದು ರಕ್ತದಲ್ಲಿರುವ ಸಕ್ಕರೆಯ ಮಟ್ಟವನ್ನು ಮಾತ್ರ. ಆ ಸಕ್ಕರೆಯನ್ನು ನಿಭಾಯಿಸಲು ದೇಹ ಎಷ್ಟು ಇನ್ಸುಲಿನ್ ಸುರಿಸಿತು, ಯಾವ ಹೊತ್ತಿಗೆ ಸುರಿಸಿತು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ತಿಂಡಿಯ ನಂತರದ ಸಕ್ಕರೆ 240 ಬಂದ ಇಬ್ಬರಲ್ಲಿ ಒಬ್ಬರ ಮೇದೋಜೀರಕ ಗ್ರಂಥಿ ಹೆಚ್ಚುಕಡಿಮೆ ಬತ್ತಿಹೋಗಿರಬಹುದು. ಇನ್ನೊಬ್ಬರದು ಸಾಮಾನ್ಯರಿಗಿಂತ ಹೆಚ್ಚು ಇನ್ಸುಲಿನ್ ಸುರಿಸಿಯೂ ಸೋತಿರಬಹುದು. ಇವರಿಬ್ಬರ ಚಿಕಿತ್ಸೆ ಒಂದೇ ಆಗಲಾರದು.

ಹಾಗಾದರೆ ಇನ್ಸುಲಿನ್ನನ್ನೇ ನೇರವಾಗಿ ಅಳೆದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಊಟದ ನಂತರದ ಇನ್ಸುಲಿನ್ ಎಂಬ ಪರೀಕ್ಷೆಯನ್ನು ಈಗ ಲ್ಯಾಬುಗಳು ಮಾಡಿಯೂ ಕೊಡುತ್ತವೆ. ಆದರೆ ಏನು ತಿಂದರು, ಎಷ್ಟು ತಿಂದರು, ಆ ಕ್ಷಣಕ್ಕೆ ಸಕ್ಕರೆ ಎಷ್ಟಿತ್ತು ಎಂಬುದು ಜೊತೆಗಿಲ್ಲದ ಒಂಟಿ ಇನ್ಸುಲಿನ್ ಅಂಕಿಗೆ ಹೆಚ್ಚು ಬೆಲೆ ಕೊಡಲಾಗದು ಎಂಬುದು ನನ್ನ ಅಭಿಪ್ರಾಯ. ಪ್ರಶ್ನೆ ಏನೆಂದು ಗೊತ್ತಿಲ್ಲದೆ ಉತ್ತರಪತ್ರಿಕೆಗೆ ಅಂಕ ಹಾಕಿದ ಹಾಗಾಗುತ್ತದೆ ಅದು. ಇಲ್ಲಿ ಪ್ರಶ್ನೆಯೆಂದರೆ ಊಟ. ಅದನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಕೇಳುವುದು ಹೇಗೆ, ಬಂದ ಉತ್ತರವನ್ನು ಸರಿಯಾಗಿ ಓದುವುದು ಹೇಗೆ ಎಂಬೆರಡು ಸಂಗತಿಗಳ ಮೇಲೆ ಈ ಇಡೀ ಪರೀಕ್ಷೆ ನಿಂತಿದೆ.

ಊಟಕ್ಕೆ ದೇಹ ಉತ್ತರಿಸುವ ಕ್ರಮವನ್ನು ಮೊದಲು ನೋಡೋಣ. ಆಹಾರದ ಪಿಷ್ಟ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರತೊಡಗಿದಾಗ ಮೇದೋಜೀರಕದಲ್ಲಿರುವ ಬೀಟಾ ಕೋಶಗಳು ಅದನ್ನು ಗ್ರಹಿಸಿ, ಮೊದಲೇ ತಯಾರಿಸಿ ಕೂಡಿಟ್ಟುಕೊಂಡಿದ್ದ ಇನ್ಸುಲಿನ್ನನ್ನು ಬಿಡುಗಡೆ ಮಾಡುತ್ತವೆ. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಈ ಬಿಡುಗಡೆ ಎರಡು ಹಂತಗಳಲ್ಲಿ ನಡೆಯುವುದು ಸ್ಪಷ್ಟವಾಗಿ ಕಾಣುತ್ತದೆ: ಮೊದಲ ಹತ್ತು ನಿಮಿಷದೊಳಗೆ ಒಂದು ಚೂಪಾದ ಏರಿಕೆ, ಆಮೇಲೆ ಸಕ್ಕರೆ ಇಳಿಯುವವರೆಗೂ ಮುಂದುವರಿಯುವ ನಿಧಾನದ ಹರಿವು. ಬಾಯಿಯ ಮೂಲಕ ತಿಂದಾಗ ಈ ಎರಡು ಹಂತಗಳು ಒಂದರೊಳಗೊಂದು ಬೆರೆತುಹೋಗುತ್ತವೆ, ಆದರೂ ಮೊದಲ ಅರ್ಧ ಗಂಟೆಯ ಏರಿಕೆಗೆ ವಿಶೇಷ ಮಹತ್ವವಿದೆ. ಉಪವಾಸದ ಹೊತ್ತಿನಲ್ಲಿ ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಊಟದ ಆರಂಭದಲ್ಲೇ ಬರುವ ಇನ್ಸುಲಿನ್ ಆ ಉತ್ಪಾದನೆಯನ್ನು ತಡೆಯಬೇಕು. ತಡವಾಗಿ ಬಂದರೆ, ತಟ್ಟೆಯಿಂದ ಬರುವ ಗ್ಲೂಕೋಸೂ ಯಕೃತ್ತಿನಿಂದ ಬರುವ ಗ್ಲೂಕೋಸೂ ಒಂದೇ ಹೊತ್ತಿಗೆ ರಕ್ತದಲ್ಲಿ ಸೇರಿ ಸಕ್ಕರೆ ನೆತ್ತಿಗೇರುತ್ತದೆ. ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದ ಎರಡನೆಯ ವಿಧದ (ಟೈಪ್ 2) ಮಧುಮೇಹದಲ್ಲಿ ಬಹಳ ಬೇಗ ಕೆಡುವುದು ಈ ಮೊದಲ ಏರಿಕೆಯೇ. ಒಟ್ಟು ಇನ್ಸುಲಿನ್ ಕಡಿಮೆಯಾಗುವುದು ಆಮೇಲಿನ ಮಾತು.

ಕರುಳಿನ ಪಾತ್ರವೂ ಇಲ್ಲಿ ದೊಡ್ಡದು. ರಕ್ತದ ಸಕ್ಕರೆ ಒಂದೇ ಮಟ್ಟಕ್ಕೆ ಏರುವಂತೆ ನೋಡಿಕೊಂಡರೂ, ರಕ್ತನಾಳಕ್ಕೆ ಚುಚ್ಚಿದ ಗ್ಲೂಕೋಸಿಗಿಂತ ಕುಡಿದ ಗ್ಲೂಕೋಸಿಗೆ ಹೆಚ್ಚು ಇನ್ಸುಲಿನ್ ಹೊರಬರುತ್ತದೆ ಎಂಬುದು 1960ರ ದಶಕದಲ್ಲೇ ತಿಳಿಯಿತು. ಆಹಾರ ತಾಗಿದಾಗ ಕರುಳು ಬಿಡುವ ಜಿಎಲ್‌ಪಿ-1, ಜಿಐಪಿ ಎಂಬ ಹಾರ್ಮೋನುಗಳು ಬೀಟಾ ಕೋಶಗಳನ್ನು ಹುರಿದುಂಬಿಸುವುದು ಇದಕ್ಕೆ ಕಾರಣ. ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದಾಗ ಬರುವ ಇನ್ಸುಲಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಹಾರ್ಮೋನುಗಳ ಕೊಡುಗೆ. ಎರಡನೆಯ ವಿಧದ ಮಧುಮೇಹಿಗಳಲ್ಲಿ ಈ ಪರಿಣಾಮ ಕುಗ್ಗಿರುತ್ತದೆಂದು 1986ರಲ್ಲಿ ಜರ್ಮನಿಯ ಮೈಕೆಲ್ ನೌಕ್ ಮತ್ತು ಸಂಗಡಿಗರು ತೋರಿಸಿದರು. ಇಂದು ತೂಕ ಇಳಿಸುವ ಚುಚ್ಚುಮದ್ದೆಂದು ಹೆಸರಾಗಿರುವ ಔಷಧಗಳು ಇದೇ ಜಿಎಲ್‌ಪಿ-1ರ ದಾರಿಯಲ್ಲಿ ಬಂದವು. ಚುಚ್ಚಿದ ಗ್ಲೂಕೋಸಿನ ಪರೀಕ್ಷೆಯಲ್ಲಿ ಕಾಣದ ಕರುಳಿನ ಈ ಪಾಲು ಊಟದ ಪರೀಕ್ಷೆಯಲ್ಲಿ ಕಾಣುತ್ತದೆ.

ರಕ್ತದ ಇನ್ಸುಲಿನ್ನನ್ನು ನಂಬಿಕೆಗೆ ಯೋಗ್ಯವಾಗಿ ಅಳೆಯಲು ಮಾತ್ರ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿ, ಮರುವರ್ಷವೇ ರೋಗಿಗಳಿಗೆ ಕೊಡುವಂತಾದರೂ, ರಕ್ತದಲ್ಲಿ ಅದರ ಪ್ರಮಾಣ ಎಷ್ಟು ಸೂಕ್ಷ್ಮವೆಂದರೆ ಸಾಮಾನ್ಯ ರಾಸಾಯನಿಕ ವಿಧಾನಗಳಿಗೆ ಅದು ಎಟುಕುತ್ತಲೇ ಇರಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲೊಮನ್ ಬರ್ಸನ್ ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ನನ್ನು ಜನರಿಗೆ ಚುಚ್ಚಿ, ಅದು ಎಷ್ಟು ಬೇಗ ರಕ್ತದಿಂದ ಮಾಯವಾಗುತ್ತದೆಂದು ನೋಡುತ್ತಿದ್ದರು. ಮಧುಮೇಹಿಗಳಲ್ಲಿ ಇನ್ಸುಲಿನ್ ಬೇಗ ನಾಶವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಸಿಕ್ಕ ಉತ್ತರ ತಿರುಗುಮುರುಗಾಗಿತ್ತು: ಮೊದಲೇ ಇನ್ಸುಲಿನ್ ಚಿಕಿತ್ಸೆ ಪಡೆದವರ ರಕ್ತದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತಿತ್ತು. ಅಂದಿನ ದನ, ಹಂದಿಗಳ ಇನ್ಸುಲಿನ್ನಿನ ವಿರುದ್ಧ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡು ಅದನ್ನು ಹಿಡಿದಿಟ್ಟುಕೊಂಡಿತ್ತು. ಇನ್ಸುಲಿನ್ನಿನಷ್ಟು ಚಿಕ್ಕ ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟುವುದು ಅಸಾಧ್ಯವೆಂದೇ ಆಗಿನ ವಿದ್ವಾಂಸರು ನಂಬಿದ್ದರು; ಲೇಖನ ತಿರಸ್ಕೃತವಾಯಿತು, ಕೊನೆಗೆ 1956ರಲ್ಲಿ ಪ್ರಕಟವಾದಾಗಲೂ ಶೀರ್ಷಿಕೆಯಿಂದ ‘ಇನ್ಸುಲಿನ್ ಪ್ರತಿಕಾಯ’ ಎಂಬ ಮಾತನ್ನು ಕೈಬಿಡಬೇಕಾಯಿತು. ಯಾಲೊ ಆ ತಿರಸ್ಕಾರಪತ್ರವನ್ನು ಜೋಪಾನವಾಗಿಟ್ಟುಕೊಂಡಿದ್ದು, 1977ರ ನೊಬೆಲ್ ಭಾಷಣದಲ್ಲಿ ತೋರಿಸಿದರು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಈ ಪ್ರತಿಕಾಯವನ್ನೇ ಅವರು ಅಳತೆಗೋಲಾಗಿ ಮಾಡಿಕೊಂಡರು. ನಿಗದಿತ ಪ್ರಮಾಣದ ಪ್ರತಿಕಾಯಕ್ಕೆ ಗುರುತು ಹಾಕಿದ ಇನ್ಸುಲಿನ್ನನ್ನೂ ರೋಗಿಯ ರಕ್ತದ ಇನ್ಸುಲಿನ್ನನ್ನೂ ಒಟ್ಟಿಗೆ ಬಿಟ್ಟರೆ ಎರಡೂ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ. ರೋಗಿಯ ಇನ್ಸುಲಿನ್ ಹೆಚ್ಚಿದ್ದಷ್ಟೂ ಗುರುತಿನ ಇನ್ಸುಲಿನ್ ಹೊರಗುಳಿಯುತ್ತದೆ. ರೇಡಿಯೋ ಇಮ್ಯುನೊಅಸ್ಸೇ ಎಂಬ ಈ ವಿಧಾನದಿಂದ 1960ರ ಹೊತ್ತಿಗೆ ಹೊರಬಿದ್ದ ಸುದ್ದಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ನಡುವಯಸ್ಸಿನಲ್ಲಿ ಮಧುಮೇಹ ಬಂದವರು ಗ್ಲೂಕೋಸ್ ಕುಡಿದಾಗ ಅವರ ರಕ್ತದಲ್ಲಿ ಇನ್ಸುಲಿನ್ನಿಗೆ ಬರವೇನೂ ಇರಲಿಲ್ಲ. ನಿಧಾನವಾಗಿಯಾದರೂ ಅದು ಧಾರಾಳವಾಗಿ ಏರುತ್ತಿತ್ತು. ಮಧುಮೇಹವೆಂದರೆ ಇನ್ಸುಲಿನ್ನಿನ ಅಭಾವ ಎಂಬ ಸರಳ ನಂಬಿಕೆ ಅಲ್ಲಿಗೆ ಮುರಿಯಿತು.

ಆದರೆ ತೋಳಿನ ರಕ್ತದಲ್ಲಿ ಅಳೆದ ಇನ್ಸುಲಿನ್, ಮೇದೋಜೀರಕ ಸುರಿಸಿದ ಇನ್ಸುಲಿನ್ನಿಗೆ ಸಮನಲ್ಲ. ಗ್ರಂಥಿಯಿಂದ ಹೊರಟದ್ದು ಮೊದಲು ಹೋಗುವುದು ಯಕೃತ್ತಿಗೆ, ಅಲ್ಲೇ ಸುಮಾರು ಅರ್ಧದಷ್ಟು ಬಳಕೆಯಾಗಿಬಿಡುತ್ತದೆ. ಕಾಲುವೆಯ ತುದಿಯ ಗದ್ದೆಯಲ್ಲಿ ನಿಂತು ಕೆರೆಯ ತೂಬಿನಿಂದ ಎಷ್ಟು ನೀರು ಬಿಟ್ಟರೆಂದು ಊಹಿಸಿದಂತೆ ಇದು. ಉಳಿದದ್ದೂ ರಕ್ತದಲ್ಲಿ ಐದಾರು ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಂತೂ ಸಿರಿಂಜಿನದು ಯಾವುದು, ಸ್ವಂತದ್ದು ಯಾವುದು ಎಂಬುದು ಗೊಂದಲ. ಪ್ರತಿಕಾಯಗಳಿದ್ದರೆ ಅಳತೆಯೇ ದಾರಿ ತಪ್ಪುತ್ತದೆ. ರಕ್ತದ ಮಾದರಿಯಲ್ಲಿ ಕೆಂಪು ಕಣಗಳು ಒಡೆದರೆ ಅವುಗಳಿಂದ ಹೊರಬರುವ ಕಿಣ್ವ ಕೊಳವೆಯಲ್ಲೇ ಇನ್ಸುಲಿನ್ನನ್ನು ಕತ್ತರಿಸತೊಡಗುತ್ತದೆ.

ಈ ಕಗ್ಗಂಟಿನಿಂದ ಪಾರಾಗುವ ದಾರಿ 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ಅವರ ಶೋಧದಿಂದ ತೆರೆಯಿತು. ಬೀಟಾ ಕೋಶ ಇನ್ಸುಲಿನ್ನನ್ನು ನೇರವಾಗಿ ತಯಾರಿಸುವುದಿಲ್ಲ. ಮೊದಲು ಪ್ರೋಇನ್ಸುಲಿನ್ ಎಂಬ ಒಂದೇ ಉದ್ದನೆಯ ಸರಪಳಿಯನ್ನು ಹೆಣೆದು, ಅದು ಸರಿಯಾಗಿ ಮಡಚಿಕೊಂಡ ಮೇಲೆ ನಡುವಿನ ತುಂಡನ್ನು ಕತ್ತರಿಸುತ್ತದೆ. ಎರಡು ಕೊನೆಗಳು ಸೇರಿ 51 ಅಮೈನೊ ಆಮ್ಲಗಳ ಇನ್ಸುಲಿನ್ ಆಗುತ್ತದೆ, ಕತ್ತರಿಸಿದ ನಡುವಿನ 31ರ ತುಂಡೇ ಸಿ-ಪೆಪ್ಟೈಡ್. ಎರಡೂ ಒಂದೇ ಪೊಟ್ಟಣದಲ್ಲಿದ್ದು, ಒಂದಕ್ಕೊಂದರಂತೆ ಸಮಾನ ಸಂಖ್ಯೆಯಲ್ಲಿ ರಕ್ತಕ್ಕೆ ಬರುತ್ತವೆ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿ ಕೊಂಡು ತಿನ್ನುತ್ತ ಕೂತವರ ಮುಂದೆ ಬೀಜ ಉಳಿದಿರುವುದಿಲ್ಲ, ಸಿಪ್ಪೆಯ ರಾಶಿ ಇರುತ್ತದೆ. ಎಷ್ಟು ಕಾಯಿ ಸುಲಿದರೆಂಬುದನ್ನು ಆ ರಾಶಿಯೇ ಹೇಳುತ್ತದೆ. ಸಿ-ಪೆಪ್ಟೈಡ್ ಅಂಥ ಸಿಪ್ಪೆ. ಯಕೃತ್ತು ಅದನ್ನು ಹಿಡಿದುಕೊಳ್ಳುವುದಿಲ್ಲ, ರಕ್ತದಲ್ಲಿ ಅರ್ಧವಾಗಲು ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಅಂಗಡಿಯಲ್ಲಿ ಸುಲಿದ ಬೀಜ ಕೊಂಡುತಂದರೆ ಸಿಪ್ಪೆ ಬರುವುದಿಲ್ಲವಷ್ಟೆ. ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿಯೂ ಸಿ-ಪೆಪ್ಟೈಡ್ ಇರುವುದಿಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರ ರಕ್ತದಲ್ಲಿ ಕಾಣುವ ಸಿ-ಪೆಪ್ಟೈಡ್ ಪೂರ್ತಿಯಾಗಿ ಅವರ ಸ್ವಂತ ಬೀಟಾ ಕೋಶಗಳ ದುಡಿಮೆಯೇ.

ಅಳೆಯುವ ವಸ್ತು ನಿಕ್ಕಿಯಾಯಿತು. ಇನ್ನು ಊಟ. ಮಧುಮೇಹ ಇದೆಯೋ ಇಲ್ಲವೋ ಎಂದು ತಿಳಿಯಲು ಕೊಡುವ 75 ಗ್ರಾಂ ಗ್ಲೂಕೋಸ್ ನೀರು ಊಟವೇನಲ್ಲ. ಪ್ರೋಟೀನಿನ ಅಮೈನೊ ಆಮ್ಲಗಳೂ ಬೀಟಾ ಕೋಶಗಳನ್ನು ಎಬ್ಬಿಸುತ್ತವೆ, ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಸಿಡ್ನಿಯ ಸಂಶೋಧಕರು 1997ರಲ್ಲಿ 38 ಆಹಾರಗಳನ್ನು ಸಮಾನ ಶಕ್ತಿಯ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಕೊಟ್ಟು ನೋಡಿದಾಗ, ಪಿಷ್ಟವೇ ಇಲ್ಲದ ಮೀನು, ಮಾಂಸಗಳೂ ಸಾಕಷ್ಟು ಇನ್ಸುಲಿನ್ ಏರಿಸಿದವು. ಮೊಸರಿನ ಇನ್ಸುಲಿನ್ ಏರಿಕೆ ಅದರ ಸಕ್ಕರೆ ಏರಿಕೆಗೆ ಹೋಲಿಸಿದರೆ ಬಹಳ ಹೆಚ್ಚಾಗಿತ್ತು. ಆದ್ದರಿಂದ ಪಿಷ್ಟ, ಪ್ರೋಟೀನ್, ಕೊಬ್ಬು ಮೂರೂ ಇರುವ ಮಿಶ್ರ ಊಟವೇ ದಿನನಿತ್ಯದ ದುಡಿಮೆಗೆ ಹತ್ತಿರವಾದ ಪರೀಕ್ಷೆ. ಮುದ್ದೆ ಸಾರನ್ನೇ ಕೊಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೊಡಬಹುದು, ಅಂಥ ಆಹಾರಗಳ ಅಧ್ಯಯನಕ್ಕೆ ಹಾಗೆಯೇ ಕೊಡಬೇಕು. ಆದರೆ ಒಬ್ಬರ ಬೀಟಾ ಕೋಶಗಳನ್ನು ಇನ್ನೊಬ್ಬರವುಗಳ ಜೊತೆ, ಅಥವಾ ಅವರದೇ ಹೋದ ವರ್ಷದ ಸ್ಥಿತಿಯ ಜೊತೆ ಹೋಲಿಸಬೇಕಾದಾಗ ಮುದ್ದೆಯ ಗಾತ್ರ, ಸಾರಿನ ಬೇಳೆ, ನುಂಗುವ ವೇಗ ಎಲ್ಲವೂ ಬದಲಾಗುತ್ತವೆ. ಹಾಗಾಗಿ ಡಬ್ಬಿಯಲ್ಲಿ ಬರುವ, ಒಂದೇ ಪಾಕದ ಪೇಯವನ್ನು ಬಳಸುವುದು ರೂಢಿಯಾಗಿದೆ. ಅಮೆರಿಕದ ಅಧ್ಯಯನಗಳಲ್ಲಿ ಮೊದಲು ಸಸ್ಟಕಾಲ್, ಆಮೇಲೆ ಬೂಸ್ಟ್ ಎಂಬ ಪ್ರೋಟೀನ್ ಪೇಯ ಈ ಕೆಲಸಕ್ಕೆ ನಿಂತಿವೆ. ದೇಹತೂಕದ ಪ್ರತಿ ಕಿಲೋಗೆ 6 ಮಿಲಿಲೀಟರ್ ಲೆಕ್ಕ, ಗರಿಷ್ಠ 360 ಮಿಲಿಲೀಟರ್. ಅರವತ್ತು ಕಿಲೋ ತೂಗುವವರಿಗೆ ಅಲ್ಲಿಗೇ ಮಿತಿ ಮುಟ್ಟುತ್ತದೆ.

ಪರೀಕ್ಷೆಯ ದಿನ ನಡೆಯುವುದು ಹೀಗೆ. ಹಿಂದಿನ ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಸಕ್ಕರೆ ತೀರಾ ಕಡಿಮೆ ಅಥವಾ ತೀರಾ ಹೆಚ್ಚಿದ್ದರೆ ಆ ದಿನ ಪರೀಕ್ಷೆಯನ್ನು ಮುಂದೂಡುತ್ತಾರೆ. ಸಾಮಾನ್ಯವಾಗಿ 70ರಿಂದ 200ರ ನಡುವೆ ಇರಬೇಕು. ಮೂಲ ಮಟ್ಟ ಕಾಯುವ ದೀರ್ಘಾವಧಿಯ ಇನ್ಸುಲಿನ್ ಮುಂದುವರಿಯುತ್ತದೆ, ಬೆಳಗಿನ ವೇಗದ ಇನ್ಸುಲಿನ್ನನ್ನು ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯುತ್ತಾರೆ. ಪದೇ ಪದೇ ಚುಚ್ಚುವುದನ್ನು ತಪ್ಪಿಸಲು ತೋಳಿನ ರಕ್ತನಾಳದಲ್ಲಿ ಪ್ಲಾಸ್ಟಿಕ್ ನಳಿಕೆ ಇರಿಸುತ್ತಾರೆ. ಕುಡಿಯುವ ಮೊದಲೇ ಎರಡು ಸಲ ರಕ್ತ. ಪೇಯವನ್ನು ಐದು ನಿಮಿಷದೊಳಗೆ ಮುಗಿಸಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆ ಸಿಹಿ ದ್ರವ ಇಳಿಯುವುದು ಅಷ್ಟೇನೂ ಸುಲಭವಲ್ಲ, ಮಕ್ಕಳಿಗಂತೂ ಕಷ್ಟ. ಆಮೇಲೆ 15, 30, 60, 90, 120ನೇ ನಿಮಿಷಗಳಲ್ಲಿ ರಕ್ತ, ಕೆಲವು ಅಧ್ಯಯನಗಳಲ್ಲಿ ನಾಲ್ಕು ಗಂಟೆಯವರೆಗೂ. ಪ್ರತಿ ಸಲವೂ ಗ್ಲೂಕೋಸ್ ಮತ್ತು ಸಿ-ಪೆಪ್ಟೈಡ್ ಎರಡಕ್ಕೂ ಮಾದರಿ ಹೋಗುತ್ತದೆ. ಅಷ್ಟು ಹೊತ್ತೂ ಕುಳಿತಿರಬೇಕು. ಕಾರಿಡಾರಿನಲ್ಲಿ ನಾಲ್ಕು ಸುತ್ತು ನಡೆದರೂ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಲೆಕ್ಕ ಕೆಡುತ್ತದೆ.

ಬಂದ ಅಂಕಿಗಳನ್ನು ಓದುವ ಬಗೆಗೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಆರಂಭದಿಂದ 120 ನಿಮಿಷದವರೆಗೆ ಸಿ-ಪೆಪ್ಟೈಡ್ ಲೀಟರಿಗೆ 0.20, 0.26, 0.36, 0.50, 0.54, 0.46 ನ್ಯಾನೊಮೋಲ್ ಬಂದಿದೆ ಎನ್ನೋಣ. ಗರಿಷ್ಠ 0.54, ಅದು ಬಂದದ್ದು 90ನೇ ನಿಮಿಷಕ್ಕೆ. ಆದರೆ ಗರಿಷ್ಠ ಮಟ್ಟ ಒಂದು ಕ್ಷಣದ ಚಿತ್ರ. ಎರಡು ಗಂಟೆಯ ಒಟ್ಟು ದುಡಿಮೆ ಬೇಕಾದರೆ ಗ್ರಾಫಿನ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯಬೇಕು. ಅಕ್ಕಪಕ್ಕದ ಎರಡು ಅಂಕಿಗಳ ಸರಾಸರಿಯನ್ನು ನಡುವಿನ ನಿಮಿಷಗಳಿಂದ ಗುಣಿಸಿದರೆ ಒಂದೊಂದು ಪಟ್ಟಿಯ ವಿಸ್ತೀರ್ಣ ಬರುತ್ತದೆ: 3.45, 4.65, 12.9, 15.6, 15. ಒಟ್ಟು 51.6. ಅದನ್ನು 120ರಿಂದ ಭಾಗಿಸಿದರೆ ಸರಾಸರಿ 0.43. ದೇಹವೇ ತನ್ನ ಬೀಟಾ ಕೋಶಗಳನ್ನು ನಾಶಮಾಡುವ ಮೊದಲನೆಯ ವಿಧದ (ಟೈಪ್ 1) ಮಧುಮೇಹವನ್ನು ತಡೆಯಲು ಅಥವಾ ನಿಧಾನಿಸಲು ಹೊರಟ ಔಷಧಗಳ ಪ್ರಯೋಗಗಳಲ್ಲಿ ಈ ಲೆಕ್ಕವೇ ತೀರ್ಪುಗಾರ. 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮ್ಯಾಬ್ ಔಷಧವನ್ನು ಹೊಸದಾಗಿ ಕಾಯಿಲೆ ಪತ್ತೆಯಾದ ಮಕ್ಕಳಲ್ಲಿ ಪರೀಕ್ಷಿಸಿದಾಗಲೂ 78ನೇ ವಾರದ ಊಟದ ಪರೀಕ್ಷೆಯ ಸಿ-ಪೆಪ್ಟೈಡ್ ವಿಸ್ತೀರ್ಣವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿದ್ದರು.

ಗರಿಷ್ಠ ಮಟ್ಟದಲ್ಲಿ ಎಲ್ಲರೂ ಕಣ್ಣಿಡುವ ಗೆರೆ 0.2 ನ್ಯಾನೊಮೋಲ್. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಬರೆಯುವ ಮಾನದಲ್ಲಿ ಅದು ಮಿಲಿಲೀಟರಿಗೆ ಸುಮಾರು 0.6 ನ್ಯಾನೊಗ್ರಾಂ. ಕಾಯಿಲೆ ಬಂದು ಕೆಲವು ವರ್ಷಗಳಾದ ಮೇಲೆ ಊಟದ ನಂತರವೂ ಇದಕ್ಕಿಂತ ಕೆಳಗಿದ್ದರೆ ಸ್ವಂತ ಇನ್ಸುಲಿನ್ ತೀರಾ ಕಡಿಮೆಯಾಗಿದೆ ಎಂದರ್ಥ, 0.6 ನ್ಯಾನೊಮೋಲ್ ಮೀರಿದ್ದರೆ ಎರಡನೆಯ ವಿಧದ ಕಡೆಗೆ ಯೋಚಿಸುತ್ತಾರೆ. ನಡುವಿನದು ಅನುಮಾನದ ಪ್ರದೇಶ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಮೊದಲನೆಯ ವಿಧದ 1441 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಎಂಬ ಹೆಸರಾಂತ ಅಧ್ಯಯನದಲ್ಲಿ, ಊಟಕ್ಕೆ 0.2ಕ್ಕಿಂತ ಹೆಚ್ಚು ಉತ್ತರ ಉಳಿಸಿಕೊಂಡವರಿಗೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದೂ ಕಣ್ಣಿನ ತೊಂದರೆಯೂ ಕಡಿಮೆಯಿತ್ತು. ಸ್ವಂತ ಇನ್ಸುಲಿನ್ ಚೂರು ಉಳಿದರೂ ಪ್ರಯೋಜನವಿದೆ ಎಂಬುದು ಹಾಗೆ ಗೊತ್ತಾಯಿತು. ಇತ್ತೀಚಿನ ಅತಿಸೂಕ್ಷ್ಮ ಪರೀಕ್ಷೆಗಳಂತೂ ದಶಕಗಳಿಂದ ಮೊದಲನೆಯ ವಿಧದ ಮಧುಮೇಹ ಇರುವ ಅನೇಕರಲ್ಲಿ ಊಟಕ್ಕೆ ಸಣ್ಣಗೆ ಮಿಸುಕುವ ಸಿ-ಪೆಪ್ಟೈಡನ್ನು ಹಿಡಿದಿವೆ.

ಈ ಗೆರೆಗಳನ್ನು ಕುರುಡಾಗಿ ನಂಬುವಂತಿಲ್ಲ. ಸಿಪ್ಪೆಯನ್ನು ಗುಡಿಸಿ ಹಾಕುವುದು ಮುಖ್ಯವಾಗಿ ಮೂತ್ರಪಿಂಡ. ಅದು ಸೋತಿದ್ದರೆ ಸಿ-ಪೆಪ್ಟೈಡ್ ರಾಶಿಬಿದ್ದು, ಇಲ್ಲದ ಇನ್ಸುಲಿನ್ನನ್ನು ಇದೆಯೆಂದು ತೋರಿಸುತ್ತದೆ. ರಕ್ತದ ಸಕ್ಕರೆ 60ಕ್ಕೆ ಕುಸಿದಿರುವಾಗ ಅಳೆದರೆ ಆರೋಗ್ಯವಂತ ಬೀಟಾ ಕೋಶಗಳೂ ಸುಮ್ಮನಿರುತ್ತವೆ, ಅವು ಸುಮ್ಮನಿರಬೇಕಾದದ್ದೇ ಸರಿ. ಅದಕ್ಕೆ ತದ್ವಿರುದ್ಧವಾಗಿ, ವಾರಗಟ್ಟಲೆ ಸಕ್ಕರೆ 400ರ ಆಸುಪಾಸಿನಲ್ಲಿದ್ದು ಆಸ್ಪತ್ರೆ ಸೇರಿದವರ ಬೀಟಾ ಕೋಶಗಳು ಸಕ್ಕರೆಯ ಹೊಡೆತಕ್ಕೇ ಮರಗಟ್ಟಿರುತ್ತವೆ. ಆ ವಾರ ಅಳೆದು ‘ನಿಮ್ಮಲ್ಲಿ ಇನ್ಸುಲಿನ್ನೇ ಇಲ್ಲ’ ಎಂದು ತೀರ್ಪು ಕೊಟ್ಟರೆ ತಪ್ಪಾಗಬಹುದು. ಕೆಲವು ವಾರ ಸಕ್ಕರೆಯನ್ನು ಹತೋಟಿಯಲ್ಲಿಟ್ಟು ಮತ್ತೆ ಅಳೆದಾಗ ಅದೇ ಗ್ರಂಥಿ ಚೇತರಿಸಿಕೊಂಡು ಉತ್ತರ ಕೊಡುವುದುಂಟು.

ಭಾರತದ ಮಟ್ಟಿಗೆ ಈ ಪರೀಕ್ಷೆ ಇನ್ನೊಂದು ಕಾರಣಕ್ಕೆ ಮುಖ್ಯ. ಇಲ್ಲಿ ಬಡಕಲು ಮೈಯ ಮಧುಮೇಹಿಗಳು ಬಹಳ. ಹದಿಹರೆಯದಲ್ಲೋ ಇಪ್ಪತ್ತರಲ್ಲೋ ಕಾಯಿಲೆ ಬಂದವರನ್ನು ನೋಡಿದ ಕೂಡಲೇ ಮೊದಲನೆಯ ವಿಧವೆಂದು ಪೂರ್ಣ ಪ್ರಮಾಣದ ಇನ್ಸುಲಿನ್ ಕೊಟ್ಟರೆ ಕೆಲವರ ಸಕ್ಕರೆ ನೆಲಕಚ್ಚುತ್ತದೆ. ಕೇರಳದ ಕಡೆ ಹೆಚ್ಚಾಗಿ ವರದಿಯಾದ, ಮೇದೋಜೀರಕದಲ್ಲಿ ಕಲ್ಲುಗಟ್ಟಿ ಬರುವ ಮಧುಮೇಹದಲ್ಲಿ ಸಿ-ಪೆಪ್ಟೈಡ್ ಎರಡು ವಿಧಗಳ ನಡುವೆ ನಿಲ್ಲುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನಿಹಾಲ್ ಥಾಮಸ್, ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಲ್ಯದ ಅಪೌಷ್ಟಿಕತೆಗೆ ತಳುಕು ಹಾಕಿಕೊಂಡ ಕೃಶಕಾಯದವರ ಮಧುಮೇಹದಲ್ಲಿ ಇನ್ಸುಲಿನ್ ಸ್ರವಿಕೆ ಬಹಳ ಕಡಿಮೆ, ಆದರೆ ಇದ್ದ ಇನ್ಸುಲಿನ್ನಿಗೆ ದೇಹ ಎರಡನೆಯ ವಿಧದವರಿಗಿಂತ ಚೆನ್ನಾಗಿ ಸ್ಪಂದಿಸುತ್ತದೆ ಎಂದು ತೋರಿಸಿತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಇದನ್ನು ಐದನೆಯ ವಿಧವೆಂದು ಗುರುತಿಸಿದೆ. ವಯಸ್ಸು, ತೂಕ, ಸಕ್ಕರೆಯ ಅಂಕಿಗಳಿಂದಷ್ಟೇ ಈ ವ್ಯತ್ಯಾಸ ಕಾಣುವುದಿಲ್ಲ. ಇನ್ಸುಲಿನ್ನಿನ ಉತ್ತರವನ್ನು ಅಳೆದೇ ತಿಳಿಯಬೇಕು.

ಎರಡು ಗಂಟೆಯ ಇಡೀ ಪರೀಕ್ಷೆ ಎಲ್ಲ ಕಡೆ ಸಾಧ್ಯವಿಲ್ಲವಾದ್ದರಿಂದ ಅಡ್ಡದಾರಿಗಳೂ ಇವೆ. ಬೀಟಾ ಕೋಶಗಳನ್ನು ಎಬ್ಬಿಸುವ ಗ್ಲುಕಗಾನ್ ಹಾರ್ಮೋನನ್ನು ಒಂದು ಮಿಲಿಗ್ರಾಂನಷ್ಟು ರಕ್ತನಾಳಕ್ಕೆ ಚುಚ್ಚಿ ಆರನೇ ನಿಮಿಷಕ್ಕೆ ಸಿ-ಪೆಪ್ಟೈಡ್ ಅಳೆಯುವುದು ಒಂದು. ಬೇಗ ಮುಗಿಯುತ್ತದೆ, ಆದರೆ ಹೊಟ್ಟೆ ತೊಳಸುತ್ತದೆ. ಊಟದ ಪೇಯ ಕೊಟ್ಟು 90ನೇ ನಿಮಿಷದ ಒಂದೇ ಮಾದರಿ ತೆಗೆಯುವುದು ಇನ್ನೊಂದು. ದಿನದ ದೊಡ್ಡ ಊಟ ಮುಗಿಸಿ ಎರಡು ಗಂಟೆಯ ನಂತರ ಹಿಡಿದ ಮೂತ್ರದಲ್ಲಿ ಸಿ-ಪೆಪ್ಟೈಡನ್ನು, ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹೊರಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಜೊತೆ ಹೋಲಿಸುವ ವಿಧಾನವನ್ನು ಇಂಗ್ಲೆಂಡಿನ ಎಕ್ಸಿಟರಿನ ತಂಡ ರೂಢಿಗೆ ತಂದಿದೆ, ಅದರಲ್ಲಿ ಸೂಜಿಯೇ ಬೇಡ. ಇವು ಯಾವುದೂ ಬೇಡವೆಂದು, ತಿಂಡಿಯ ನಂತರದ ಸಾಮಾನ್ಯ ರಕ್ತಪರೀಕ್ಷೆಗೆ ಹೋದಾಗಲೇ ಸಿ-ಪೆಪ್ಟೈಡನ್ನೂ ಬರೆಸಿಕೊಂಡು ಬರುವುದಾದರೆ, ಅದೇ ಸಲ ತೆಗೆದ ರಕ್ತದಲ್ಲಿ ಗ್ಲೂಕೋಸನ್ನೂ ಅಳೆಯಬೇಕೆಂದು ಕೇಳಿಕೊಳ್ಳಿ, ಎಷ್ಟು ಇಡ್ಲಿಯನ್ನು ಎಷ್ಟು ಗಂಟೆಗೆ ತಿಂದಿರೆಂಬುದನ್ನು ವರದಿಯ ಮೂಲೆಯಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳಿ; ಮುಂದಿನ ವರ್ಷ ಮತ್ತೆ ಅಳೆಸುವಾಗ ಅಷ್ಟೇ ಇಡ್ಲಿ ತಿನ್ನಬೇಕಾಗುತ್ತದೆ.